ನಾಟಕದ ಹುಚ್ಚು ಮತ್ತು ಕಲ್ಯದ ಕಲ್ಲು

'ಅವನಿಗೆ ನಾಟಕದ ಹುಚ್ಚು' ಅನ್ನುವ ಮಾತನ್ನು ನಮ್ಮ ಕಡೆ ಆಳು ನೋಡಿ ಆಡುತ್ತಾರೆ. ಊರ ಗೌಡರ ಮಗ ಜಮೀನು ಅಡವಿಟ್ಟು ದುರ್ಯೋಧನನ ಪಾರ್ಟು ಮಾಡಿದರೆ ಅದು ಶೋಕಿ, ಮನೆತನದ ಗತ್ತು. ಕೇರಿಯ ಹುಡುಗ ಕೂಲಿ ದುಡ್ಡಿನಲ್ಲಿ ಮೇಷ್ಟ್ರಿಗೆ ಕೊಟ್ಟು ಕರ್ಣನ ಕಂದ ಕಲಿತರೆ ಅದು ಹುಚ್ಚು: 'ಉಣ್ಣಕ್ ಗತಿ ಇಲ್ದೋನ್ಗೆ ಕಿರೀಟ ಬೇರೆ ಕೇಡು.' ಇದು ಮೇಲಿನವರ ಮಾತು. ಆದರೆ ಚಳವಳಿಯ ಕೆಲವು ಗೆಳೆಯರ ಬಾಯಲ್ಲೂ ಇದೇ ಮಾತು ಬೇರೆ ಬಟ್ಟೆ ತೊಟ್ಟು ಬರುತ್ತದೆ. ಪೌರಾಣಿಕ ನಾಟಕ ಪುರೋಹಿತಶಾಹಿಯ ಅಫೀಮು, ಎಚ್ಚರವಾಗಬೇಕಾದ ಜನ ಹಾರ್ಮೋನಿಯಂ ಮುಂದೆ ತಲೆದೂಗುತ್ತಾ ಕೂತಿದ್ದಾರೆ ಅಂತಾರೆ. ಈ ಎರಡೂ ಮಾತನ್ನು ನಾವು ಒಪ್ಪುವುದಿಲ್ಲ. ಯಾಕೆ ಅನ್ನುವುದನ್ನು ಮಾಗಡಿ ತಾಲ್ಲೂಕಿನ ಕಲ್ಯದ ಒಂದು ಕಲ್ಲಿನಿಂದ ಶುರು ಮಾಡಿ ಹೇಳಬೇಕಾಗಿದೆ.

ಕಲ್ಯ ಇವತ್ತು ಸಣ್ಣ ಊರು. ಒಂದು ಕಾಲಕ್ಕೆ ಜೈನರಿಗೂ ವೀರಶೈವರಿಗೂ ದೊಡ್ಡ ನೆಲೆ. ತೆಲುಗಿನಲ್ಲಿ 'ಬಸವಪುರಾಣ' ಬರೆದ ಪಾಲ್ಕುರಿಕೆ ಸೋಮನಾಥ ಇಲ್ಲೇ ಐಕ್ಯನಾದನೆಂದು ನಂಬಿಕೆಯಿದೆ. ಪಂಡಿತರ ವೃತ್ತಗಳನ್ನು ಬದಿಗಿಟ್ಟು, ಜನ ಹಾಡಿಕೊಳ್ಳಬಲ್ಲ ದ್ವಿಪದಿಯನ್ನು ಬೇಕೆಂದೇ ಹಿಡಿದ ಕವಿ ಅವನು. ಈ ಊರಿನಲ್ಲಿ 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಬಿದ್ದ ಜಗಳವನ್ನು ವಿಜಯನಗರದ ಬುಕ್ಕರಾಯ ತೀರ್ಮಾನ ಮಾಡಿದ್ದು ಅದರ ವಿಷಯ. ಅದೇ ತೀರ್ಪಿನ ಇನ್ನೊಂದು ಕಲ್ಲು ಶ್ರವಣಬೆಳಗೊಳದಲ್ಲಿದೆ. ಪಠ್ಯಪುಸ್ತಕಗಳು ಇದನ್ನು 'ಧರ್ಮಸಹಿಷ್ಣುತೆ' ಅಂತ ಒಂದೇ ಪದದಲ್ಲಿ ಮುಗಿಸಿಬಿಡುತ್ತವೆ. ಬೆಳಗೊಳದ ಕಲ್ಲನ್ನು ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ರಾಜ ಎತ್ತಿ ಹೇಳುವ ಹಕ್ಕು ಯಾವುದು? ಪಂಚಮಹಾವಾದ್ಯದ ಹಕ್ಕು, ಕಲಶದ ಹಕ್ಕು. ಜೈನರಿಗೆ ಅವು ಹಿಂದಿನಂತೆಯೇ ಸಲ್ಲಬೇಕು ಅನ್ನುತ್ತಾನೆ. ಅಂದರೆ ಯಾರ ಮುಂದೆ ವಾದ್ಯ ನುಡಿಯಬೇಕು ಅನ್ನುವುದು ಆರೂವರೆ ಶತಮಾನದ ಹಿಂದೆಯೇ ರಾಜನ ತನಕ ಹೋದ ವ್ಯಾಜ್ಯ.

ಅದೇ ಬೆಳಗೊಳದ ಕಲ್ಲಿನಲ್ಲಿ ಶ್ರೀವೈಷ್ಣವರ ಕಡೆ ನಿಂತವರ ದೊಡ್ಡ ಪಟ್ಟಿಯಿದೆ. ಅದರ ತುದಿಗೆ ತಿರುಕುಲ, ಜಾಂಬವಕುಲ ಎಂಬ ಎರಡು ಹೆಸರಿವೆ. ಹೊಲೆಯರು, ಮಾದಿಗರು. ಜನ ಲೆಕ್ಕ ಹಾಕುವಾಗ ನಮ್ಮವರು ಪಟ್ಟಿಯಲ್ಲಿ ಇದ್ದಾರೆ. ವಾದ್ಯದ ಹಕ್ಕು ಹೇಳುವಾಗ ಇಲ್ಲ.

ಹಾಗಾದರೆ ನಮ್ಮವರಿಗೆ ವಾದ್ಯವೇ ಇರಲಿಲ್ಲವೇ? ಇತ್ತು, ತಮಟೆ ಇತ್ತು. ಆದರೆ ಅದು ಹಕ್ಕಾಗಿರಲಿಲ್ಲ, ಚಾಕರಿಯಾಗಿತ್ತು. ಊರ ಹಬ್ಬಕ್ಕೆ, ಹೆಣಕ್ಕೆ, ಸಾರು ಹಾಕುವುದಕ್ಕೆ ಕರೆದಾಗ ಹೋಗಿ ಬಡಿಯಬೇಕು. ಬಡಿದು ದೂರ ನಿಲ್ಲಬೇಕು. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಇಂಥ ಬಿಟ್ಟಿ ಚಾಕರಿಗಳನ್ನು ಬಿಡಿ ಅಂದಿತು. ಅದೇ ತಮಟೆಯನ್ನು ತನ್ನ ಮೆರವಣಿಗೆಯ ಮುಂದಕ್ಕೆ ತಂದಿತು. ಇದೇ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಹಾಡುಗಳು ತಮಟೆಗೆ ತನ್ನದೇ ಮಾತು ಕೊಟ್ಟವು. ತಮಟೆ ಬದಲಾಗಲಿಲ್ಲ. ಬಡಿಯುವವನು ಕರೆಸಿಕೊಂಡು ಬಂದವನೋ, ತಾನಾಗಿ ಬಂದವನೋ ಅನ್ನುವುದು ಬದಲಾಯಿತು.

ಹಾರ್ಮೋನಿಯಂ ಮುಂದೆ ಕೂತ ಕೇರಿಯ ಹುಡುಗನನ್ನೂ ಈ ಕಣ್ಣಿನಿಂದಲೇ ನೋಡಬೇಕು. ಅವನನ್ನು ಯಾರೂ ಕರೆಸಿಲ್ಲ. ಹಾಡದಿದ್ದರೆ ಯಾರೂ ದಂಡ ಹಾಕುವುದಿಲ್ಲ. ಅವನ ಅಪ್ಪ ಬಡಿಯಲೇಬೇಕಿತ್ತು, ಇವನು ಇಷ್ಟಪಟ್ಟು ಹಾಡುತ್ತಿದ್ದಾನೆ. ಬಿಟ್ಟಿಗೂ ಹುಚ್ಚಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ. ಹುಚ್ಚು ಹಿಡಿಸಿಕೊಳ್ಳುವುದೂ ಒಂದು ಹಕ್ಕು. ತಲೆತಲಾಂತರದಿಂದ ಅದು ನಮಗೆ ಇರಲಿಲ್ಲ.

ಈ ಹಾರ್ಮೋನಿಯಂ ಗುಡಿಯಿಂದ ಬಂದದ್ದಲ್ಲ ಅನ್ನುವುದನ್ನೂ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಊರೂರು ಸುತ್ತಿದ ಪಾರ್ಸಿ ಕಂಪನಿಗಳ ಪರದೆ, ಮಟ್ಟು, ವೇಷಗಳ ಬೆರಗಿನಿಂದ ನಮ್ಮ ಕಂಪನಿ ನಾಟಕ ಬೆಳೆಯಿತು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದವು. ಇಂಥ ರಂಗದಲ್ಲಿ ಮಹಮದ್ ಪೀರ್ ಕನ್ನಡಿಗರ ಕಣ್ಮಣಿಯಾದರು. ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಹುಡುಗನೊಬ್ಬ ಅಪ್ಪನ ಹಿಂದೆ ಕಂಪನಿ ಸೇರಿ ಮುಂದೆ ರಾಜಕುಮಾರ್ ಆದರು. ನಾಡು ಇವತ್ತಿಗೂ ಮೆಚ್ಚುವ ಅವರ ಕನ್ನಡದ ಮೊದಲ ಪಾಠಶಾಲೆ ಕಂಪನಿಯ ಟೆಂಟು. ಕಂಪನಿಗಳು ಸೊರಗಿದ ಮೇಲೂ ನಾಟಕ ಸಾಯಲಿಲ್ಲ. ಮಾಗಡಿ, ಕನಕಪುರ, ಚನ್ನಪಟ್ಟಣ, ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳಿಗೆ ಬಂದು ಬೇರು ಬಿಟ್ಟಿತು. ತಿಂಗಳುಗಟ್ಟಲೆ ರಾತ್ರಿ ತಾಲೀಮು, ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ಕೊನೆಗೆ ಒಂದು ರಾತ್ರಿ, ಬೆಳಗಿನ ಜಾವದ ತನಕ.

ಆ ರಾತ್ರಿ ಕೆಳಗೆ ಕೂತವರನ್ನು ಗಮನಿಸಿ. ಅವರು ಕಥೆ ಕೇಳಲು ಬಂದವರಲ್ಲ, ಕಥೆ ಅವರಿಗೆ ಗೊತ್ತು. ಹೋದ ವರ್ಷದ ಕರ್ಣನಿಗೂ ಈ ವರ್ಷದ ಕರ್ಣನಿಗೂ ತೂಕ ಹಾಕಲು ಬಂದವರು. ಆಲಾಪ ಮೇಲಕ್ಕೆ ಹೋಗಿ ಸರಿಯಾಗಿ ಇಳಿದರೆ 'ಒನ್ಸ್ ಮೋರ್'. ಜಾರಿದರೆ 'ಶ್ರುತಿ ಬಿಟ್ಟ ಕಣ್ಲಾ' ಅಂತ ಕತ್ತಲಿನಿಂದ ಒಂದು ಮಾತು. ಇದು ವಿಮರ್ಶೆಯಲ್ಲವೆ? ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ, ಅಷ್ಟೇ. ಹಳ್ಳಿಯ ಮೇಷ್ಟ್ರುಗಳಾದ ನಮ್ಮ ಓದುಗರು ಇನ್ನೊಂದು ಲೆಕ್ಕ ಹಾಕಬಹುದು. ತರಗತಿಯಲ್ಲಿ ಒಂದು ಪದ್ಯ ಬಾಯಿಗೆ ಬಾರದ 'ದಡ್ಡ' ತಾಲೀಮಿನ ಮನೆಯಲ್ಲಿ ಅಷ್ಟೂ ಹಾಡು, ಅಷ್ಟೂ ಮಾತು ಒಪ್ಪಿಸುವುದು ಹೇಗೆ? ದಡ್ಡತನ ಎಲ್ಲಿದೆ?

ಇನ್ನು ನಾಟಕದ ಒಳಕ್ಕೆ ಬರೋಣ. 'ಕುರುಕ್ಷೇತ್ರ' ಪುರೋಹಿತಶಾಹಿಯ ಅಫೀಮಾಗಿದ್ದರೆ ಹಳ್ಳಿಯವನು ಧರ್ಮರಾಯನ ಪಾರ್ಟಿಗೆ ಮುಗಿಬೀಳಬೇಕಿತ್ತು. ಹಾಗಾಗುವುದಿಲ್ಲ. ಪಾರ್ಟಿಗೆ ದುಡ್ಡು ಕಟ್ಟಿ ಹಿಡಿಯುವ ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆಗೆ ಹೋಗುವುದು ದುರ್ಯೋಧನನ ಪಾರ್ಟು. ದೇವರಾದ ಕೃಷ್ಣನಿಗೂ ಅವನೊಡನೆ ಪೈಪೋಟಿ. ಶಾಸ್ತ್ರ ಖಳ ಅಂದವನನ್ನು ಜನ ನಾಯಕ ಅಂತ ಮೆರೆಸುತ್ತಾರೆ. ಗದೆ, ಮೀಸೆ, ಗರ್ಜನೆಯ ಆಕರ್ಷಣೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕುಲ ಯಾವುದು ಅಂತ ಗುರುಗಳು ಕೇಳಿದಾಗ ತಲೆ ತಗ್ಗಿಸಿ ನಿಂತ ಕರ್ಣನಿಗೆ ಅಂಗರಾಜ್ಯ ಕೊಟ್ಟವನು ಇವನೇ ಅನ್ನುವುದು ಕೆಳಗೆ ಕೂತವರಿಗೆ ಮರೆತಿಲ್ಲ. ಜಾತಿ ಕೇಳದೆ ಪಕ್ಕದಲ್ಲಿ ಕೂರಿಸಿಕೊಂಡವನನ್ನು ಜನ ಹೇಗೆ ಬಿಟ್ಟುಕೊಡುತ್ತಾರೆ? ಇದನ್ನು ಮೂಢಭಕ್ತಿ ಅನ್ನುವವರು ನಾಟಕ ನೋಡಿಲ್ಲ.

ಆದರೆ ನಾಟಕದ ಮೋಸವೂ ಇದೇ ಜಾಗದಲ್ಲಿದೆ. ಕರ್ಣನ ಅವಮಾನಕ್ಕೆ ಇಡೀ ಬಯಲು ಕಣ್ಣೀರು ಹಾಕುತ್ತದೆ. ಆಮೇಲೆ ಕೃಷ್ಣ ಬಂದು ಗುಟ್ಟು ಹೇಳುತ್ತಾನೆ: ನೀನು ಸೂತಪುತ್ರನಲ್ಲ, ಕುಂತಿಯ ಮಗ. ಅಲ್ಲಿಗೆ ಪ್ರಶ್ನೆ ಸತ್ತಿತು! ಸೂತನ ಮಗ ಬಿಲ್ಲು ಹಿಡಿದು ಗೆದ್ದ ಅನ್ನುವ ಮಾತು ಹೋಗಿ, ಕ್ಷತ್ರಿಯನ ಮಗ ಸೂತನ ಮನೆಯಲ್ಲಿ ಬೆಳೆದ ಅನ್ನುವ ಮಾತು ಉಳಿಯಿತು. ಯೋಗ್ಯತೆ ಮತ್ತೆ ರಕ್ತಕ್ಕೇ ವಾಪಸ್ಸಾಯಿತು. ನಮ್ಮ ಕಣ್ಣೀರನ್ನು ಬಳಸಿಕೊಂಡು ನಾಟಕ ಅವರ ಕುಲವನ್ನೇ ತೊಳೆಯುತ್ತದೆ. ಕರ್ಣನ ಪಾರ್ಟು ಮಾಡುವ ನಮ್ಮ ಹುಡುಗ ಈ ಗುಟ್ಟಿನ ದೃಶ್ಯವನ್ನು ಹಾಡುವಾಗ ಏನು ಹಾಡುತ್ತಿದ್ದೇನೆ ಅಂತ ತಿಳಿದು ಹಾಡಬೇಕು.

ರಂಗದ ಹೊರಗಿನ ಲೆಕ್ಕವನ್ನೂ ಕೇಳಬೇಕು. ನಿದ್ದೆಯಲ್ಲಿರುವ ಕೃಷ್ಣನ ಹತ್ತಿರ ಇಬ್ಬರು ಬರುತ್ತಾರೆ. ದುರ್ಯೋಧನ ತಲೆಯ ಬಳಿ ಕೂರುತ್ತಾನೆ, ಅರ್ಜುನ ಕಾಲ ಬಳಿ. ಸರಿ. ಕೃಷ್ಣನ ಪಾರ್ಟು ಕೇರಿಯವನದಾಗಿ, ಅರ್ಜುನನ ಪಾರ್ಟು ಊರಿನವನದಾದರೆ? ಯಾರು ಯಾರ ಕಾಲ ಬಳಿ ಕೂರಬೇಕು? ಈ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಊರುಗಳಲ್ಲಿ ಊರಿನ ನಾಟಕವೇ ಬೇರೆ, ಕೇರಿಯ ನಾಟಕವೇ ಬೇರೆ. ಪಾರ್ಟಿಗೆ ದುಡ್ಡಿನ ಬೆಲೆ ಕಟ್ಟುವುದು ಮೇಲುನೋಟಕ್ಕೆ ಸಮಾನ ನ್ಯಾಯ. ದುಡ್ಡಿದ್ದವನು ಹಿಡಿಯಲಿ ಅಂತ. ಆದರೆ ಜಮೀನು ಯಾರ ಕೈಯಲ್ಲಿದೆಯೋ ಕಿರೀಟವೂ ಅವರ ತಲೆಯ ಮೇಲೆ. ನಮ್ಮವರು ಅದನ್ನು ತೊಡಬೇಕಾದರೆ ಸಾಲ ಮಾಡಬೇಕು. ಒಂದು ರಾತ್ರಿ 'ಪ್ರಭೂ' ಅನ್ನಿಸಿಕೊಂಡವನು ಮಾರನೆಯ ಬೆಳಿಗ್ಗೆ ಸಾಲಕೊಟ್ಟವನ ಹೊಲದಲ್ಲಿ ಇರುತ್ತಾನೆ.

ಇನ್ನೊಬ್ಬಳಿದ್ದಾಳೆ. ಅವಳನ್ನು ಅಭಿಮಾನಿಯೂ ಮರೆಯುತ್ತಾನೆ, ವಿಮರ್ಶಕನೂ ಮರೆಯುತ್ತಾನೆ. ದ್ರೌಪದಿ, ಕುಂತಿ, ಉತ್ತರೆಯ ಪಾರ್ಟಿಗೆ ಸಂಬಳಕ್ಕೆ ಬರುವ ನಟಿ. ಊರಿನವರಿಗೆ ನಾಟಕ ಹುಚ್ಚು, ಅವಳಿಗೆ ಹೊಟ್ಟೆಪಾಡು. ಮಾತು ಮರೆತ ಹೀರೋಗೆ ಮೆಲ್ಲಗೆ ಮಾತು ಕೊಟ್ಟು ಮಾನ ಉಳಿಸುವವಳು ಅವಳು. ದ್ರೌಪದಿಯ ಮಾನಕ್ಕೆ ಅಳುವ ಊರು, ದ್ರೌಪದಿಯಾದವಳು ಸೀರೆ ಬದಲಿಸಲು ಬಾಗಿಲಿರುವ ಒಂದು ಕೋಣೆ ಕೊಟ್ಟಿದೆಯೇ? ಇದನ್ನು ಕೇಳದ ಅಭಿಮಾನ ಅರ್ಧ ಅಭಿಮಾನ.

ಹಾಗಾದರೆ ದಾರಿ ಯಾವುದು? 1975ರಲ್ಲಿ ಹುಟ್ಟಿದ 'ಸಮುದಾಯ' ಬೀದಿಗಿಳಿದು ಒಂದು ದಾರಿ ತೋರಿಸಿತು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಜನರನ್ನು ಕೊಂದು ಸುಟ್ಟಾಗ, ಆ ಬೆಂಕಿಯನ್ನು 'ಬೆಲ್ಚಿ' ಬೀದಿನಾಟಕ ಕರ್ನಾಟಕದ ಊರುಗಳ ಕಣ್ಣ ಮುಂದೆ ತಂದಿತು. ಅದರ ಕೆಲಸ ದೊಡ್ಡದು. ಆದರೆ ಬೀದಿನಾಟಕ ಬರುತ್ತದೆ, ಆಡುತ್ತದೆ, ಹೋಗುತ್ತದೆ. ಊರಿನವನು ನೋಡುವವನಾಗಿಯೇ ಉಳಿಯುತ್ತಾನೆ. ಪೌರಾಣಿಕ ನಾಟಕದಲ್ಲಿ ಅವನೇ ಆಡುವವನು. ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ ಕೂತು ಹಾಡು ಕಲಿಯುವ ಸಂಘಟನೆ ಅದು. ಅಂಥ ತಾಳ್ಮೆಯ ಸಂಘಟನೆಯನ್ನು ಆಡಿಕೊಂಡು ನಕ್ಕು ಚಳವಳಿ ಕಟ್ಟಲಾಗುವುದಿಲ್ಲ.

ಮಹಾರಾಷ್ಟ್ರದವರು ಇದನ್ನು ನಮಗಿಂತ ಮೊದಲೇ ಕಂಡುಕೊಂಡರು. ಮಹಾರರು, ಮಾಂಗರು ಆಡಿ ಬೆಳೆಸಿದ ತಮಾಷಾದ ಕಟ್ಟನ್ನೇ ಇಟ್ಟುಕೊಂಡು, 1930ರ ದಶಕದಿಂದ ಭೀಮರಾವ್ ಕರ್ಡಕ್ ಮೊದಲಾದವರು ಅಂಬೇಡ್ಕರಿ ಜಲಸಾ ಕಟ್ಟಿದರು. ಹಾಡು ಉಳಿಯಿತು, ನಗೆ ಉಳಿಯಿತು, ರಾತ್ರಿ ಉಳಿಯಿತು. ಒಳಗಿನ ಮಾತು ಶಾಲೆಯದಾಯಿತು, ಸಂಘಟನೆಯದಾಯಿತು. ಬಾಬಾಸಾಹೇಬರ ಪುಸ್ತಕ ಓದಲಾರದವರಿಗೆ ಜಲಸಾ ಅದನ್ನು ಹಾಡಿ ಮುಟ್ಟಿಸಿತು.

ನಮ್ಮಲ್ಲಿ ವಸ್ತುವಿಗೆ ಬರವಿಲ್ಲ. ಕುವೆಂಪು ಅವರ 'ಬೆರಳ್‌ಗೆ ಕೊರಳ್' 1947ರಲ್ಲೇ ಬಂತು. ಸಿದ್ಧಲಿಂಗಯ್ಯನವರ 'ಏಕಲವ್ಯ' ಇದೆ. ಆದರೆ ಇವು ಕಾಲೇಜಿನ ಪಠ್ಯವಾಗಿ, ನಗರದ ತಂಡಗಳ ಪ್ರಯೋಗವಾಗಿ ಉಳಿದಿವೆ. ತಾಲೀಮಿನ ಮನೆಗೆ ಬಂದಿಲ್ಲ. 'ಕುರುಕ್ಷೇತ್ರ'ದ ಹಾರ್ಮೋನಿಯಂ ಮೇಷ್ಟ್ರ ಬಳಿ ಕರ್ಣನಿಗೆ ಮಟ್ಟಿದೆ, ಶಕುನಿಗೂ ಮಟ್ಟಿದೆ. ಏಕಲವ್ಯನಿಗೆ ಇಲ್ಲ. ಹೆಬ್ಬೆರಳು ಕಳೆದುಕೊಂಡ ಬೇಡರ ಹುಡುಗನಿಗೆ ಕೊನೆಯಲ್ಲಿ ಯಾವ ಕೃಷ್ಣನೂ ಬಂದು ನೀನು ಕ್ಷತ್ರಿಯ ಅಂತ ಗುಟ್ಟು ಹೇಳಬಾರದು. ಅವನು ಬೇಡನಾಗಿಯೇ ಬಿಲ್ಲುಗಾರ. ಅವನಿಗೆ ಕಂದ ಬೇಕು, ಏರುದನಿಯ ಆಲಾಪ ಬೇಕು, 'ಒನ್ಸ್ ಮೋರ್' ಬೀಳುವಂಥ ಮಟ್ಟು ಬೇಕು. ಮಟ್ಟು ಹಾಕಬಲ್ಲ ಮೇಷ್ಟ್ರುಗಳು ಇದ್ದಾರೆ. ಬರೆಯುವವರು ನಮ್ಮೊಳಗಿಂದ ಬರಬೇಕು.

ಮಾಗಡಿ ಸೀಮೆಯಲ್ಲಿ ಓದುತ್ತಿರುವ, ಪಾಠ ಹೇಳುತ್ತಿರುವ ಗೆಳೆಯರಲ್ಲಿ ನಮ್ಮ ಕೇಳಿಕೆ ಇಷ್ಟು. ನಿಮ್ಮ ಊರಲ್ಲಿ ಈ ಸಲ ನಾಟಕ ಕಟ್ಟುವಾಗ ದೂರ ನಿಂತು ನಗಬೇಡಿ. ತಾಲೀಮಿಗೆ ಹೋಗಿ ಕೂತುಕೊಳ್ಳಿ. ಪಾರ್ಟು ಯಾರಿಗೆ ಹೋಯಿತು, ಯಾರಿಗೆ ಸಿಗಲಿಲ್ಲ ಕೇಳಿ. ಯಾರು ಎಲ್ಲಿ ಕೂತರು ನೋಡಿ. ನಟಿಗೆ ಕೊಡಬೇಕಾದ ಸಂಬಳ ಪೂರ್ತಿ ಸಂದಿತೇ ಕೇಳಿ. ಹಾಡು ಚೆನ್ನಾಗಿದ್ದರೆ ಗಂಟಲು ಬಿಟ್ಟು 'ಒನ್ಸ್ ಮೋರ್' ಅನ್ನಿ. 1368ರಲ್ಲಿ ವಾದ್ಯದ ಹಕ್ಕನ್ನು ರಾಜ ಹಂಚಿದ. ಈಗ ಹಂಚಲು ರಾಜರಿಲ್ಲ, ಬಾಡಿಗೆ ಕಿರೀಟಗಳಿವೆ ಅಷ್ಟೇ. ನಾವೇ ಕೇಳಿ ತೆಗೆದುಕೊಳ್ಳಬೇಕು.