ಫರ್ಸಿ ನೀರಿನ ಮೀನುಗಳು

ಕಲಬುರಗಿ ಸೀಮೆಯ ಶಹಾಬಾದಿನಲ್ಲಿ ಕಾಲ ಕೆಳಗೆ ಫರ್ಸಿ ಎಂಬ ಸುಣ್ಣಕಲ್ಲಿನ ಚಪ್ಪಡಿ, ಗೋಡೆಗೆ ಫರ್ಸಿ, ಹಳೆಯ ಮನೆಗಳಲ್ಲಿ ತಲೆಯ ಮೇಲೂ ಫರ್ಸಿ. ಅದೇ ಸುಣ್ಣದ ಅಂಶ ಬೋರಿನ ನೀರಿನಲ್ಲಿ ಕರಗಿ ಬಂದು ಕೊಡದ ಕಂಠಕ್ಕೆ ಬಿಳಿ ಪೊರೆಯಾಗಿ ಕೂರುತ್ತದೆ. ಈ ಊರಲ್ಲಿ ಮೀನಿನ ತೊಟ್ಟಿ ಕಟ್ಟುವ ರಸಿಕರು ಮೊದಲು ಒಲಿಸಿಕೊಳ್ಳಬೇಕಾದದ್ದು ಈ ಗಡಸು ನೀರನ್ನು. ಅಮೆಜಾನಿನ ಮೆದುನೀರಿನ ಡಿಸ್ಕಸ್ ಮೀನಿಗೆ ಆಸೆಪಟ್ಟು ಹಗಲಿರುಳು ಆರ್.ಓ. ಯಂತ್ರ ಓಡಿಸುವುದು ನನಗಂತೂ ರಸಭಂಗ.

ಮೀನಿನ ಮೋಹ ಈ ಸೀಮೆಗೆ ಹಳೆಯದು. ಇಲ್ಲೇ, ಕಾಗಿಣಾ ದಂಡೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳಿದರು. ಅವರ ನಂತರ ಬಂದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಅಧ್ಯಾಯ ಕೊಟ್ಟ, ಮೀನಿನ ಜಾತಿ, ಅದಕ್ಕೆ ಹಾಕುವ ತಿನಿಸು ಎಲ್ಲ ಅಲ್ಲಿದೆ. ಕೊನೆಗೆ ಗಾಳ ಹಾಕುವುದೂ ಇದೆ ಅನ್ನಿ, ಅರಸನ ವಿನೋದವಲ್ಲವೇ!

ನನ್ನ ಕಣ್ಣಿಗೆ ಹಿಡಿಸುವ ವಿನ್ಯಾಸ ಹೀಗೆ: ಕಬ್ಬಿಣದ ಸ್ಟ್ಯಾಂಡಿನ ಕೆಳಹಂತಕ್ಕೆ ನಾಲ್ಕು ಅಡಿಯ ತೊಟ್ಟಿ, ಅಗಲ ಎತ್ತರ ಒಂದೂವರೆ ಅಡಿ. ಅದರ ನೀರೇ ಸುಮಾರು 250 ಕಿಲೋ ತೂಗುತ್ತದೆ. ಅದಕ್ಕೆ ಅದು ಕೆಳಗೇ ಇರಲಿ. ಮೇಲ್ಹಂತದಲ್ಲಿ ಎರಡಡಿಯ ಎರಡು ತೊಟ್ಟಿ.

ದೊಡ್ಡದರಲ್ಲಿ ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್‌ಗಳು. ಅವುಗಳ ತವರಿನ ನೀರೂ ಕ್ಷಾರೀಯ, ಬಂಡೆಗಳೇ ಅವುಗಳ ಬೀದಿ. ನಮ್ಮ ಫರ್ಸಿ ಪದರು ಪದರಾಗಿ ಬಿಡುವುದರಿಂದ ಒಡಕು ತುಂಡುಗಳನ್ನೇ ಒಟ್ಟಿ ಗವಿ ಕಟ್ಟಬಹುದು. ಕಲ್ಲನ್ನು ಮೊದಲು ತಳಕ್ಕೇ ಕೂರಿಸಿ ಆಮೇಲೆ ಮರಳು ಹಾಕಬೇಕು. ಇಲ್ಲವಾದರೆ ಈ ಮೀನುಗಳು ಅಗೆದು ಅಗೆದು ಗುಡ್ಡೆ ಕುಸಿಯುವಂತೆ ಮಾಡುತ್ತವೆ. ನೀಲಿಬೂದು ಕಲ್ಲಿನ ಸಂದಿನಿಂದ ಯೆಲ್ಲೋ ಲ್ಯಾಬ್ ಎಂಬ ಹಳದಿ ಮೀನು ಹೊರಟರೆ, ಆ ಹಳದಿಗೆ ಬೇರೆ ಯಾವ ಹಿನ್ನೆಲೆಯೂ ಇಷ್ಟು ಒಪ್ಪದು. ತಾಯಿ ಮೀನು ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಉಪವಾಸವಿರುತ್ತದೆ. ಉಬ್ಬಿದ ಗದ್ದ ಕಂಡರೆ ಸಾಕು, ಮನೆಮಂದಿಯೆಲ್ಲ ತೊಟ್ಟಿಯ ಮುಂದೆ.

ಮೇಲಿನ ಒಂದರಲ್ಲಿ ಟಾಂಗನಿಕಾ ಸರೋವರದ ‘ಮಲ್ಟಿ’ಗಳು: ಹೆಬ್ಬೆರಳುದ್ದವೂ ಇಲ್ಲ, ಖಾಲಿ ಬಸವನಹುಳುವಿನ ಚಿಪ್ಪೇ ಮನೆ, ಜಗಳ ಮಾತ್ರ ಜಮೀನುದಾರರದ್ದು. ಇನ್ನೊಂದರಲ್ಲಿ ಗಪ್ಪಿ, ಮೋಲಿ, ಜೊತೆಗೆ ವ್ಯಾಲಿಸ್ನೇರಿಯಾ. ಗಡಸು ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ಹೀರಬಲ್ಲ ಗಿಡ ಅದು. ಕೆಲವೊಮ್ಮೆ ಎಲೆಯ ಮೇಲೆಯೇ ಸುಣ್ಣದ ಪುಡಿ ಕಟ್ಟುತ್ತದೆ.

ಮೂರಕ್ಕೂ ಒಂದೇ ಏರ್ ಪಂಪು, ಪಿವಿಸಿ ಪೈಪು, ಕವಲಿಗೊಂದು ವಾಲ್ವು, ತೊಟ್ಟಿಗೊಂದು ಸ್ಪಂಜ್ ಫಿಲ್ಟರು. ಹಂಚಿಕೊಳ್ಳುವುದು ಗಾಳಿಯನ್ನು ಮಾತ್ರ, ನೀರನ್ನಲ್ಲ. ಒಂದರ ರೋಗ ಇನ್ನೊಂದಕ್ಕೆ ಹರಿಯದು. ಕರೆಂಟು ಹೋದಾಗ ಬ್ಯಾಟರಿ ಪಂಪೂ ಇದೇ ಪೈಪಿಗೆ ಸೇರುತ್ತದೆ. ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಪಿಎಚ್ ಹೆಚ್ಚಿದಷ್ಟೂ ಅಮೋನಿಯಾದ ವಿಷ ಹೆಚ್ಚು, ಇಲ್ಲಿ ಅವಸರ ಸಲ್ಲದು.

ಬೇಸಿಗೆಯದ್ದೇ ಪಾಡು. ಕಲಬುರಗಿ ಸೀಮೆಯ ಮೇ ತಿಂಗಳಲ್ಲಿ 42 ಡಿಗ್ರಿ ಹೊಸದೇನಲ್ಲ. ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲೆ ಸಣ್ಣ ಫ್ಯಾನು ಬೀಸಿದರೆ ಆವಿಯಾಗುವ ನೀರೇ ತೊಟ್ಟಿಯನ್ನು ತಣಿಸುತ್ತದೆ. ಆದರೆ ಹೋಗುವುದು ನೀರು, ಉಳಿಯುವುದು ಸುಣ್ಣ. ಆವಿಯಾದಷ್ಟಕ್ಕೆ ಹಿಡಿದಿಟ್ಟ ಮಳೆನೀರು ತುಂಬಿ. ವಾರದ ಬದಲಾವಣೆಗೆ ಬೋರಿನದೇ ಆಗಲಿ. ಹೊಸ ಮೀನು ಮಾತ್ರ ಮಳೆ ಹಿಡಿದ ಮೇಲೆಯೇ ತನ್ನಿ.