ಧ್ವನಿಸುರುಳಿಯ ಪಾಠಾಂತರಗಳು

ಗ್ರಂಥಸಂಪಾದನೆಯ ಪಾಠವನ್ನು ವರ್ಷ ವರ್ಷವೂ ಹೇಳುವವನಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಯಾವ ಹಳೆಯ ಬರಹವನ್ನು ಕಂಡರೂ, ಇದನ್ನು ಪ್ರತಿಮಾಡಿದವನು ಯಾರು, ಯಾವ ಮೂಲವನ್ನು ನೋಡಿ ಮಾಡಿದನು, ಎಲ್ಲಿ ಅವನ ಕಣ್ಣು ತಪ್ಪಿರಬಹುದು ಎಂದು ಮೊದಲು ಕೇಳಿಕೊಳ್ಳುವುದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಹೊರಬಂದಂದಿನಿಂದ ಕಾಲೇಜಿನ ಹುಡುಗರಿಗೂ ಈ ಪ್ರಶ್ನೆ ಹೊಸತಲ್ಲ. ಆದರೆ ಅದೇ ಪ್ರಶ್ನೆಯನ್ನು ಯಕ್ಷಗಾನದ ಒಂದು ಹಳೆಯ ಕ್ಯಾಸೆಟ್ಟಿನ ಮುಂದಿಟ್ಟರೆ ಜನ ನಗುತ್ತಾರೆ. ಲಿಪಿಕಾರನು ತಪ್ಪು ಬರೆಯಬಹುದು. ಯಂತ್ರವೂ ತಪ್ಪು ಬರೆಯುವುದುಂಟೆ? ಉಂಟು. ಆ ತಪ್ಪನ್ನೇ ಶುದ್ಧಪಾಠವೆಂದು ನಂಬಿ ಹಾಡಲು ಕಲಿಯುತ್ತಿರುವವರೂ ನಮ್ಮ ನಡುವೆ ಉಂಟು.

ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ಈ ಸುತ್ತಿನಲ್ಲಿ ಆಟ, ತಾಳಮದ್ದಳೆಗಳನ್ನು ಧ್ವನಿಮುದ್ರಿಸಿಕೊಳ್ಳುವ ಹವ್ಯಾಸಿಗಳು ಬಹಳ. ಬ್ಯಾಂಕಿನವರು, ಶಾಲಾ ಅಧ್ಯಾಪಕರು, ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಅಂಗಡಿ ಇಟ್ಟವರು. ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ ಪತ್ತನಾಜೆಯವರೆಗೆ ಇವರಿಗೆ ನಿದ್ದೆಯಿಲ್ಲ. ಇವರ ಔದಾರ್ಯ ದೊಡ್ಡದು. ತಾವು ಮುದ್ರಿಸಿದ್ದನ್ನು ಕೇಳಿದವರಿಗೆಲ್ಲ ಹಂಚುತ್ತಾರೆ. ಹೊಸಬನೊಬ್ಬ ಬಂದರೆ ಯಾವ ರೆಕಾರ್ಡರು ಕೊಳ್ಳಬೇಕು, ಮೈಕಿಗೆ ಯಾವ ಟೊಪ್ಪಿ ಹಾಕಬೇಕು ಎಂದು ಗಂಟೆಗಟ್ಟಲೆ ಹೇಳಿಕೊಡುತ್ತಾರೆ. ಕಾಪುವಿನ ಕಡಲಗಾಳಿಯಲ್ಲಿ ಬರಿಯ ಮೈಕು ಹಿಡಿದರೆ ಭಾಗವತಿಕೆಯ ಬದಲು ಬುಸುಗುಟ್ಟುವ ಗಾಳಿಯೇ ಸಿಕ್ಕೀತು, ಅದಕ್ಕೆ ತುಪ್ಪಳದ ಕವಚವೇ ಬೇಕು ಎಂಬುದನ್ನು ನಾನು ಕಲಿತದ್ದು ಇಂಥವರಿಂದಲೇ. ಹಾಗಿದ್ದರೂ ಇವರ ಮಾತುಕತೆಯನ್ನು ಕೇಳಿದಾಗಲೆಲ್ಲ ಒಂದು ಕೊರತೆ ಕಾಣುತ್ತದೆ. ಜೂಮ್ ಒಳ್ಳೆಯದೊ ಟಾಸ್ಕಾಂ ಒಳ್ಳೆಯದೊ, ೧೬ ಬಿಟ್ಟು ಸಾಕೊ ೨೪ ಬಿಟ್ಟು ಬೇಕೊ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಮುದ್ರಿಸಿದ್ದು ಏನು, ಅದು ಆ ರಾತ್ರಿಯ ಆಟಕ್ಕೆ ಎಷ್ಟು ಸಮೀಪ ಎಂಬ ಚರ್ಚೆ ಆರಂಭವಾಗುವುದೇ ಇಲ್ಲ.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪೆನಿ ಹೊರತಂದದ್ದು ೧೯೬೩ರಲ್ಲಿ. ಮುಂದೆ ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಕರಾವಳಿಯ ಮಕ್ಕಳು ರಜೆಗೆ ಬರುವಾಗ ‘ಟೂ-ಇನ್-ವನ್’ ಪೆಟ್ಟಿಗೆಗಳನ್ನು ತಂದರು. ಅದುವರೆಗೆ ಕೇಳುಗನಾಗಿದ್ದವನು ಅಂದಿನಿಂದ ಸಂಗ್ರಾಹಕನೂ ಆದ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು, ಅದನ್ನು ಮುದ್ರಿಸುವುದೂ ಕಂಪೆನಿಗಳ ಕೈಯಲ್ಲಿತ್ತು. ಕ್ಯಾಸೆಟ್ಟಾದರೋ ರಂಗಸ್ಥಳದ ಬದಿಗೆ ಹೋಗಿ ಕುಳಿತಿತು. ಗುಂಡ್ಮಿ ಕಾಳಿಂಗ ನಾವಡರು ೧೯೯೦ರಲ್ಲಿ, ಮೂವತ್ತರ ಆಸುಪಾಸಿನ ಪ್ರಾಯದಲ್ಲಿಯೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರನ್ನು ಕಣ್ಣಿಂದ ಕಾಣದ ಒಂದು ಪೀಳಿಗೆಗೆ ಅವರ ಕಂಠದ ಪರಿಚಯ ಇಂದಿಗೂ ಇರುವುದು ಈ ಸುರುಳಿಗಳಿಂದ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯಾಗಲಿ, ಮಲ್ಪೆಯ ಸಾಮಗ ಸಹೋದರರ ವಾಗ್ವೈಭವವಾಗಲಿ ಬರೆದಿಟ್ಟ ಸಾಹಿತ್ಯವಲ್ಲ. ಆಯಾ ಕೂಟದಲ್ಲಿ ಹುಟ್ಟಿ ಅಲ್ಲಿಯೇ ಮುಗಿಯತಕ್ಕ ಮಾತು. ಅದರಲ್ಲಿ ಉಳಿದದ್ದೆಷ್ಟೋ ಹವ್ಯಾಸಿಗಳ ಪುಣ್ಯದಿಂದ ಉಳಿಯಿತು. ಈ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತುಗಳನ್ನು ಹೇಳುತ್ತಿದ್ದೇನೆ.

ಮೊದಲನೆಯದಾಗಿ, ಮುದ್ರಿಸಿದವನು ಆಯ್ಕೆಮಾಡಿದ್ದಾನೆ ಎಂಬುದನ್ನು ನಾವು ಮರೆಯುತ್ತೇವೆ. ಒಂದು ಸಾಮಾನ್ಯ ಕ್ಯಾಸೆಟ್ಟಿಗೆ ಬದಿಗೆ ಮೂವತ್ತು ನಿಮಿಷ. ಬೆಳಗಿನವರೆಗೆ ನಡೆಯುವ ಆಟಕ್ಕೆ ಅಂಥವು ಎಂಟು ಹತ್ತು ಬೇಕು. ಅಷ್ಟು ಹಣ ಎಲ್ಲಿಂದ? ಪದ್ಯ ಬಂದಾಗ ಗುಂಡಿ ಒತ್ತುವುದು, ಮಾತು ಬಂದಾಗ ನಿಲ್ಲಿಸುವುದು, ಇದೇ ರೂಢಿಯಾಯಿತು. ಹೀಗೆ ಭಾಗವತರು ಉಳಿದರು, ವೇಷಧಾರಿಗಳ ಅರ್ಥ ಹೋಯಿತು. ವೇಷದ ಕುಣಿತವಂತೂ ಕಿವಿಯ ಯಂತ್ರಕ್ಕೆ ಸಿಕ್ಕುವುದೇ ಅಲ್ಲ. ಕಳೆದ ನಾಲ್ಕೈದು ದಶಕಗಳಲ್ಲಿ ಆಟದ ಆಕರ್ಷಣೆಯ ಕೇಂದ್ರ ರಂಗದ ನಡುವಿನಿಂದ ಭಾಗವತರ ಪೀಠದತ್ತ ಸರಿದದ್ದಕ್ಕೆ ಭಾಗವತರ ಪ್ರತಿಭೆ ಕಾರಣವೆಂಬುದು ನಿಜವಾದರೂ, ಸುರುಳಿ ಉಳಿಸುವ ಈ ಮಿತವ್ಯಯವೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ತಾಳಮದ್ದಳೆಯಲ್ಲಿ ಇದರ ವಿಪರೀತವಾಯಿತು. ಅಲ್ಲಿ ಪದ್ಯ ಬಂದಾಗ ಬದಿ ತಿರುಗಿಸಿದರು.

ಇನ್ನು ಯಂತ್ರದ ಕೈಬರಹ. ಅಗ್ಗದ ರೆಕಾರ್ಡರುಗಳಲ್ಲಿ ದನಿಯ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಒಂದು ಏರ್ಪಾಡು ಇರುತ್ತದೆ. ದೊಡ್ಡ ಸದ್ದು ಬಂದೊಡನೆ ಅದು ಒಟ್ಟು ದನಿಯನ್ನು ತಗ್ಗಿಸುತ್ತದೆ, ಸದ್ದು ನಿಂತ ಮೇಲೆ ಮೆಲ್ಲಮೆಲ್ಲನೆ ಏರಿಸುತ್ತದೆ. ಗುಮಾಸ್ತರ ಕಚೇರಿಗೆ ಇದು ಅನುಕೂಲ. ಚಂಡೆಯಿರುವ ಕಲೆಗೆ ಅನರ್ಥ. ಏರುಪದಕ್ಕೆ ಚಂಡೆ ಬಿದ್ದೊಡನೆ ಭಾಗವತರ ಕಂಠ ಕುಗ್ಗುತ್ತದೆ. ಚಂಡೆ ನಿಂತ ಮೇಲೆ ಕಂಠಕ್ಕಿಂತ ಮೊದಲು ಸಭೆಯ ಗುಜುಗುಜು ಮೇಲೇಳುತ್ತದೆ. ರಸಿಕರೊಬ್ಬರು ಇಂಥ ಒಂದು ಸುರುಳಿಯನ್ನು ಕೇಳಿಸಿ, ‘ನೋಡಿ, ಚಂಡೆಗೆ ಎಡೆಗೊಟ್ಟು ದನಿ ತಗ್ಗಿಸುವ ಆ ಸಂಯಮ ಈಗಿನವರಿಗೆಲ್ಲಿದೆ’ ಎಂದು ಕಣ್ಣು ಒದ್ದೆ ಮಾಡಿಕೊಂಡರು. ಸಂಯಮ ರೆಕಾರ್ಡರಿನದು. ನಾನು ಏನನ್ನೂ ಹೇಳಲಿಲ್ಲ. ಮನೆಗೆ ಬಂದ ಅತಿಥಿಯ ಕಣ್ಣೀರಿನ ಪಾಠಶುದ್ಧಿ ಮಾಡುವಷ್ಟು ಕಠೋರತೆ ನನಗಿಲ್ಲ.

ಇದಕ್ಕಿಂತ ಹೆಚ್ಚಿನ ಕೇಡು ವೇಗದ್ದು. ಬ್ಯಾಟರಿ ಸೊರಗಿದಾಗ ಯಂತ್ರದ ಸುರುಳಿ ನಿಧಾನವಾಗಿ ಓಡುತ್ತದೆ. ಹಾಗೆ ಮುದ್ರಿತವಾದದ್ದನ್ನು ಮರುದಿನ ಮನೆಯ ವಿದ್ಯುತ್ತಿನಲ್ಲಿ ನುಡಿಸಿದರೆ ವೇಗವೂ ಏರುತ್ತದೆ, ಶ್ರುತಿಯೂ ಏರುತ್ತದೆ. ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸವಾದರೆ ಸಾಕು, ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಮೇಲೆ ಹೋಗುತ್ತದೆ. ಮೋಸ ತಿಳಿಯುವುದೂ ಇಲ್ಲ. ಏಕೆಂದರೆ ಭಾಗವತರ ಸಂಗಡ ಹಾರ್ಮೋನಿಯಮ್ಮೂ ಮದ್ದಳೆಯೂ ಸಮವಾಗಿ ಏರಿರುತ್ತವೆ. ಅದರ ಪ್ರತಿ, ಪ್ರತಿಯ ಪ್ರತಿ ಎಂದು ನಾಲ್ಕು ಯಂತ್ರ ದಾಟಿದ ಮೇಲೆ ಮೂಲ ಶ್ರುತಿ ಯಾವುದೆಂದು ಹೇಳುವವರು ಯಾರು?

ಇದು ಬರಿಯ ಪಂಡಿತರ ತಕರಾರು ಎನ್ನುವವರಿಗೆ ಒಂದು ನಿದರ್ಶನ ಕೊಡುತ್ತೇನೆ. ಕಾರ್ಕಳದ ಕಡೆಯ ಹುಡುಗನೊಬ್ಬ, ನನ್ನ ವಿದ್ಯಾರ್ಥಿ, ಭಾಗವತಿಕೆ ಕಲಿಯುತ್ತಿದ್ದಾನೆ. ಗುರುಮುಖದ ಪಾಠ ವಾರಕ್ಕೊಮ್ಮೆ. ಉಳಿದ ಆರು ದಿನ ಅವನ ಗುರು ಸುರುಳಿ. ಕೆಲವು ತಿಂಗಳಲ್ಲಿ ಅವನ ಕಂಠ ಕರಕಲಾಯಿತು. ತಾನು ಹಾಡಿದ್ದನ್ನು ಮುದ್ರಿಸಿ ಹವ್ಯಾಸಿ ಗೆಳೆಯರಿಗೆ ಕೇಳಿಸಿ ಸಲಹೆ ಬೇಡಿದ. ‘ಏನೆಂದರು?’ ಎಂದು ಕೇಳಿದೆ. ‘ಮೈಕು ಬದಲಿಸು ಎಂದರು, ಸರ್. ಕೋಣೆಗೆ ಕಂಬಳಿ ತೂಗುಹಾಕು ಎಂದರು’ ಎಂದ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ಕುಣಿಯಬಲ್ಲವನಿಗೆ ಉಳಿದವರೆಲ್ಲ ಸೇರಿ ನೆಲವನ್ನೇ ರಿಪೇರಿ ಮಾಡಿಸುತ್ತಿದ್ದರು. ಕಡೆಗೆ ಅವನ ಗುರುಗಳೇ ಆ ಸುರುಳಿಯನ್ನು ಕೇಳಿ, ಇದು ಈ ಭಾಗವತರು ಹಾಡುತ್ತಿದ್ದ ಶ್ರುತಿಯಲ್ಲವೇ ಅಲ್ಲ, ನಾನು ಅವರ ಪಕ್ಕದಲ್ಲಿ ಕುಳಿತವನು ಎಂದರು. ಹುಡುಗ ಆರು ತಿಂಗಳ ಕಾಲ ಅನುಕರಿಸಿದ್ದು ಒಂದು ದಣಿದ ಬ್ಯಾಟರಿಯನ್ನು. ಪಕ್ಕದಲ್ಲಿ ಕುಳಿತವರು ಇನ್ನು ಎಷ್ಟು ಕಾಲ ಇರುತ್ತಾರೆ?

ಓಲೆಯ ಪ್ರತಿಕಾರನು ವಿದ್ವಾಂಸನೇ ಆಗಿರುತ್ತಿದ್ದನೆಂದಲ್ಲ. ಆದರೂ ಕೊನೆಯ ಗರಿಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಹೇಳಿ, ತನ್ನ ಹೆಸರನ್ನೋ ಬರೆಯಿಸಿದವರ ಹೆಸರನ್ನೋ ಸೂಚಿಸಿ, ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡಿಕೊಳ್ಳುವ ಮರ್ಯಾದೆ ಅವನಲ್ಲಿತ್ತು. ಆ ನಾಲ್ಕು ಸಾಲು ನಮಗೆ ಎಷ್ಟೋ ಸಲ ಕಾವ್ಯದಷ್ಟೇ ಬೆಲೆಯುಳ್ಳವು. (ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣನು ತನ್ನ ಕೃತಿಗಳನ್ನೇ ಯಾವನೋ ಹಳೆಯ ಕವಿಯವೆಂದು ಹೇಳಿ ಅಚ್ಚಿಗೆ ಕಳುಹಿಸಿ ಒಂದು ಪೀಳಿಗೆಯನ್ನೇ ನಂಬಿಸಿದನೆಂಬುದು ಬೇರೆ ಮಾತು. ಯಕ್ಷಗಾನ ಪ್ರಸಂಗಗಳನ್ನೂ ಬರೆದ ಆ ಮಹಾಶಯನ ಕೈಗೆ ರೆಕಾರ್ಡರು ಸಿಕ್ಕಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ!) ನಮ್ಮ ಕ್ಯಾಸೆಟ್ಟುಗಳ ಬೆನ್ನ ಮೇಲೆ ಏನಿರುತ್ತದೆ? ಭಾಗವತರ ಹೆಸರು, ಅದರ ಮುಂದೆ ‘೩’ ಎಂಬ ಅಂಕಿ. ಒಂದು, ಎರಡು ಎಲ್ಲಿ ಹೋದವೆಂದು ಕೇಳಬಾರದು.

ಈಗಿನ ಡಿಜಿಟಲ್ ಯಂತ್ರಗಳಲ್ಲಿ ವೇಗದ ದೋಷವಿಲ್ಲ, ಬದಿ ತಿರುಗಿಸುವ ತ್ರುಟಿಯಿಲ್ಲ, ಇಡೀ ರಾತ್ರಿ ಒಂದು ಉಗುರಿನಷ್ಟು ಚೂರಿನಲ್ಲಿ ಹಿಡಿಯುತ್ತದೆ. ಆದರೆ ಹೊಸ ಕಾಲಕ್ಕೆ ಹೊಸ ಪಾಠಾಂತರ. ಧ್ವನಿವರ್ಧಕದ ಪೆಟ್ಟಿಗೆಯಿಂದಲೇ ನೇರವಾಗಿ ತಂತಿ ಎಳೆದು ಮುದ್ರಿಸುವವರು ಒಂದು ಪಂಥ. ಸಭೆಯ ಮೂರನೆಯ ಸಾಲಿನಲ್ಲಿ ಕುಳಿತು ಗಾಳಿಯಿಂದ ಹಿಡಿಯುವವರು ಇನ್ನೊಂದು ಪಂಥ. ಮೊದಲಿನವರದರಲ್ಲಿ ಭಾಗವತರ ಉಸಿರೂ ಕೇಳುತ್ತದೆ, ಗೆಜ್ಜೆ ಕೇಳುವುದಿಲ್ಲ. ರಂಗಸ್ಥಳವೇ ಇಲ್ಲದ ಆಟ. ಎರಡನೆಯವರದರಲ್ಲಿ ಕಡಲೆ ಮಾರುವವನೂ ಇದ್ದಾನೆ, ವೇಷ ರಂಗಕ್ಕೆ ಬಂದಾಗ ಜನ ಕದಲಿದ ಸದ್ದೂ ಇದೆ. ತಾಳಮದ್ದಳೆಗೆ ನೇರ ತಂತಿಯೇ ಸರಿ, ಮಾತಿನ ಸ್ಪಷ್ಟತೆ ಅಲ್ಲಿ ಮುಖ್ಯ. ಬಯಲಾಟಕ್ಕೆ ಮೂರನೆಯ ಸಾಲೇ ಸರಿ ಎಂದು ನನ್ನ ತೀರ್ಮಾನ. ಒಪ್ಪದವರು ಇರಬಹುದು. ಯಾವುದನ್ನು ಮಾಡಿದ್ದೇವೆಂದು ಬರೆದಿಡುವುದಕ್ಕೆ ಮಾತ್ರ ಯಾರ ಆಕ್ಷೇಪವೂ ಇರಲಾರದು.

ಇನ್ನೂ ಅಪಾಯದ ಕೆಲಸ ಹಳೆಯ ಸುರುಳಿಗಳನ್ನು ‘ಶುಚಿ’ ಮಾಡುವುದು. ಆಟಿಯ ಮಳೆಗೆ ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಒರೆಸಿ, ಕಂಪ್ಯೂಟರಿಗೆ ಏರಿಸಿ ಉಳಿಸುತ್ತಿರುವ ತರುಣರ ಶ್ರಮ ಮೆಚ್ಚತಕ್ಕದ್ದು. ನಿಂಬೆಹುಲ್ಲಿನ ಎಣ್ಣೆ ಸವರಿ ಓಲೆಗಳನ್ನು ಹುಳದಿಂದ ಕಾಪಾಡಿದವರ ವಂಶದವರು ಇವರು. ಆದರೆ ಅಲ್ಲಿಗೆ ನಿಲ್ಲದೆ ‘ಸುಂಯ್’ ಎಂಬ ಸದ್ದನ್ನು ತೆಗೆಯುತ್ತೇವೆಂದು ಹೊರಟಾಗ, ತಾಳದ ಲೋಹ ಮಿಡಿದು ಆರುವ ನಾದವೂ, ಸಕಾರ ಶಕಾರಗಳ ಅಂಚೂ ಅದರೊಂದಿಗೆ ಸವೆದುಹೋಗುತ್ತವೆ. ಅರ್ಥವಾಗದ ಹಳಗನ್ನಡ ಶಬ್ದವನ್ನು ಲೇಖಕದೋಷವೆಂದು ತಿದ್ದಿಬಿಡುವ ಸಂಪಾದಕನ ಕೆಲಸವೇ ಇದು. ಅವನಾದರೂ ಅಡಿಟಿಪ್ಪಣಿಯಲ್ಲಿ ಮೂಲಪಾಠವನ್ನು ಕೊಡುತ್ತಾನೆ. ಇವರು ಮೂಲ ಕ್ಯಾಸೆಟ್ಟನ್ನು ಗುಜರಿಗೆ ಕೊಡುತ್ತಾರೆ. ತಿದ್ದಿದ್ದು ಬೇರೆ ಇರಲಿ, ತಿದ್ದದ್ದು ಹಾಗೆಯೇ ಉಳಿಯಲಿ.

ಬರೆದಿಟ್ಟರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳಿವೆ. ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ ೧೯೩೮ರಲ್ಲಿ ದಕ್ಷಿಣ ಭಾರತದಲ್ಲಿ ಧ್ವನಿಮುದ್ರಣ ಮಾಡಿದ ತಾಣಗಳನ್ನು ೧೯೮೪ರಲ್ಲಿ ಜೈರಾಜ್‌ಭಾಯ್ ದಂಪತಿಗಳು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಮತ್ತೆ ಹುಡುಕಿ ಹೋಗಿ, ಆ ಕಲೆಗಳು ಏನಾಗಿವೆಯೆಂದು ನೋಡಿ ಬರೆದರು. ಮುದ್ರಣದ ಜತೆಗೆ ಊರು, ಕಾಲಗಳ ವಿವರ ಇದ್ದುದರಿಂದಲ್ಲವೆ ಇದು ಸಾಧ್ಯವಾದದ್ದು? ನಮ್ಮ ನೆರೆಯ ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ೧೯೯೦ರ ಡಿಸೆಂಬರಿನಲ್ಲಿ ಹಾಡಿದ ತುಳು ಸಿರಿಕಾವ್ಯವನ್ನು ಫಿನ್‌ಲೆಂಡಿನ ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಮೊದಲಾದವರೊಡನೆ ಮುದ್ರಿಸಿದರು. ೧೫,೬೮೩ ಸಾಲುಗಳ ಆ ಕಾವ್ಯ ೧೯೯೮ರಲ್ಲಿ ಅಚ್ಚಾಯಿತು. ಕಾವ್ಯಕ್ಕೆ ಎರಡು ಸಂಪುಟ. ಬಾಯಿಯಿಂದ ಪುಸ್ತಕಕ್ಕೆ ಅದು ಬಂದ ಬಗೆಯನ್ನು ಹೇಳುವುದಕ್ಕೇ ಇನ್ನೊಂದು ಸಂಪುಟ! ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರು ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವೂ ಸಂಗ್ರಹವೆಂದರೆ ಪೆಟ್ಟಿಗೆ ತುಂಬುವುದಲ್ಲ ಎಂಬ ತಿಳಿವಿನಿಂದಲೇ ಹುಟ್ಟಿದ್ದು.

ಹವ್ಯಾಸಿಗೆ ಇಷ್ಟೆಲ್ಲ ಏಕೆ, ಅವನ ಸಂತೋಷಕ್ಕೆ ಅವನು ಮುದ್ರಿಸಿಕೊಳ್ಳುತ್ತಾನೆ ಎನ್ನಬಹುದು. ಸಂತೋಷ ಅವನದು, ನಿಜ. ಸುರುಳಿ ಮಾತ್ರ ಅವನೊಡನೆ ಹೋಗುವುದಿಲ್ಲ. ಮೂಡಬಿದಿರೆಯ ಬಸದಿಯಲ್ಲಿ ಧವಲ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಇದ್ದವು. ಅಚ್ಚಿನಲ್ಲಿ ಬರತೊಡಗಿದ್ದು ೧೯೩೯ರಿಂದ. ಓಲೆ ಅಷ್ಟು ಕಾಲ ಕಾಯಬಲ್ಲದು. ಕಾಂತದ ಸುರುಳಿ ನಮ್ಮ ಕರಾವಳಿಯ ತೇವದಲ್ಲಿ ಅಷ್ಟು ಕಾಯುವುದಿಲ್ಲ; ಮನೆ ಮನೆಯ ಕಪಾಟುಗಳಲ್ಲಿ ಪೂಜೆಗಿಟ್ಟಂತೆ ಇಟ್ಟಿರುವ ಇವುಗಳಿಗೆ ಉಳಿದಿರುವುದು ಕೆಲವೇ ಮಳೆಗಾಲ.

ಕಾರ್ಕಳದ ಆ ಹುಡುಗನಿಗೆ ತನ್ನ ನೆರೆಮನೆಯಿಂದ, ತೀರಿಹೋದ ಒಬ್ಬ ಶಾಲಾ ಮಾಸ್ತರರ ಸಂಗ್ರಹ ಈಚೆಗೆ ಸಿಕ್ಕಿತು. ಮೂವತ್ತೋ ನಲವತ್ತೋ ಕ್ಯಾಸೆಟ್ಟು. ಪ್ರತಿಯೊಂದರೊಳಗೂ ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ. ತಾರೀಕು, ಊರು, ಪ್ರಸಂಗ, ಮದ್ದಳೆ ಚಂಡೆಯವರ ಹೆಸರು, ಮೈಕು ಭಾಗವತರ ಎಡಬದಿಯ ಕಂಬಕ್ಕೆ ಕಟ್ಟಿದ್ದು, ನಡುವೆ ಮಳೆ ಬಂದು ಆಟ ಸ್ವಲ್ಪ ಹೊತ್ತು ನಿಂತದ್ದು. ಒಂದರಲ್ಲಿ, ಎರಡನೆಯ ಬದಿಯ ಕೊನೆಗೆ ಬ್ಯಾಟರಿ ಸೋತಿದೆ, ಅಲ್ಲಿ ಶ್ರುತಿಯನ್ನು ನಂಬಬೇಡಿ ಎಂದಿತ್ತು. ಮಣಿಪಾಲದ ವಿದ್ಯಾರ್ಥಿಯೊಬ್ಬನ ಕಂಪ್ಯೂಟರಿನಲ್ಲಿ ಆ ಭಾಗದ ವೇಗವನ್ನು ತಗ್ಗಿಸಿ, ಹಾರ್ಮೋನಿಯಮ್ಮಿನ ಶ್ರುತಿ ಮೊದಲ ಬದಿಯದಕ್ಕೆ ಸರಿಹೊಂದುವವರೆಗೆ ಇಳಿಸಿ, ಮೂವರೂ ಕುಳಿತು ಕೇಳಿದೆವು. ಭಾಗವತರ ಕಂಠ ತನ್ನ ನೆಲೆಗೆ ಬಂತು. ಅದುವರೆಗೆ ಅವಸರದ್ದೆಂದು ತೋರಿದ್ದ ಪದ್ಯ ನಿಜವಾಗಿ ಬಹಳ ನಿಧಾನದ್ದು, ಕರುಣದ್ದು.