ಮಳೆ ಬಂತು, ಕುರಿ ಹೋಯಿತು

ಸೈಬರ್‌ಪಂಕ್ ಚಿತ್ರಗಳ ಮಾತು ಬಂದಾಗ ನಿಮಗೆ ಮೊದಲು ನೆನಪಾಗುವುದು ರಿಡ್ಲೆ ಸ್ಕಾಟ್ ನಿರ್ದೇಶಿಸಿದ ‘ಬ್ಲೇಡ್ ರನ್ನರ್’ (1982) ಇರಬಹುದು. ಅದರ ಮೂಲ, ಫಿಲಿಪ್ ಕೆ. ಡಿಕ್ ಅವರ 1968ರ ಕಾದಂಬರಿ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’

ಕಾದಂಬರಿಯ ಲೋಕದಲ್ಲಿ ಯುದ್ಧಾನಂತರದ ವಿಕಿರಣಶೀಲ ಧೂಳು. ಪ್ರಾಣಿಗಳು ಬಹುತೇಕ ಅಳಿದಿವೆ. ಜೀವಂತ ಪ್ರಾಣಿಯನ್ನು ಸಾಕುವುದೇ ಪ್ರತಿಷ್ಠೆ. ನಾಯಕ ಡೆಕಾರ್ಡ್ ತಾರಸಿಯ ಮೇಲೆ ಸಾಕುತ್ತಿರುವುದು ವಿದ್ಯುತ್ ಕುರಿ, ಅದೂ ನೆರೆಯವರಿಗೆ ಗುಟ್ಟಾಗಿ! ಚಿತ್ರದಲ್ಲಿ ಧೂಳಿನ ಬದಲು ಮಳೆ, ನಿಯಾನ್ ದೀಪ. ಮಿರ್ಜಾನ ಕೋಟೆಯ ಚಿರೆಕಲ್ಲಿನ ಗೋಡೆ ಮಳೆಗಾಲದಲ್ಲಿ ಹಸಿರಾಗುವುದನ್ನು ನೀವು ಕಂಡಿರಬಹುದು. ಈ ನಗರದ ಬೀದಿಗಳಲ್ಲಿ ಅಷ್ಟು ಮಳೆ ಸುರಿದರೂ ಹುಲ್ಲು ಚಿಗುರುವುದಿಲ್ಲ. ಆ ಮಟ್ಟಿಗೆ ಬದಲಾವಣೆ ಜಾಣತನದ್ದೇ.

ಆದರೆ ಕುರಿ ಹೋಯಿತು, ಅದರೊಡನೆ ತರ್ಕವೂ. ಆಂಡ್ರಾಯ್ಡ್‌ಗಳನ್ನು ಪತ್ತೆಹಚ್ಚುವ ಪರೀಕ್ಷೆಯ ಪ್ರಶ್ನೆಗಳಲ್ಲಿ ಹಲವು ಪ್ರಾಣಿಹಿಂಸೆಗೆ ಸಂಬಂಧಿಸಿದವು. ಪ್ರಶ್ನೆ ಕೇಳಿದೊಡನೆ ಮುಖದ ಲೋಮನಾಳಗಳು ಹಿಗ್ಗುವುದನ್ನೂ ಕಣ್ಣಿನ ಸ್ನಾಯುಗಳ ಬಿಗಿತವನ್ನೂ ಅಳೆಯುತ್ತಾರೆ. ಅನುಕಂಪವಿದ್ದರೆ ಮನುಷ್ಯ. ಪ್ರಾಣಿಗಳೇ ಅಳಿದ ಲೋಕದಲ್ಲಿ ಇದಕ್ಕೆ ಅರ್ಥವಿದೆ. ಚಿತ್ರವು ಪ್ರಶ್ನೆಗಳನ್ನು ಉಳಿಸಿಕೊಂಡು ಕಾರಣವನ್ನು ಬಹುಪಾಲು ಕೈಬಿಟ್ಟಿದೆ. ಬೆನ್ನಡಿಯಾದ ಆಮೆಯ ಪ್ರಶ್ನೆ ಯಾಕೆ ಎಂದು ವಿದ್ಯಾರ್ಥಿ ಕೇಳಿದರೆ ಪುಸ್ತಕವನ್ನೇ ತೆರೆಯಬೇಕು.

ಕೊನೆಯಲ್ಲಿ ಕೃತಕಮಾನವ ರಾಯ್, ತನ್ನನ್ನು ಕೊಲ್ಲಬಂದ ಡೆಕಾರ್ಡ್‌ನನ್ನು ಬದುಕಿಸುತ್ತಾನೆ. ಇದು ಕಾದಂಬರಿಯಲ್ಲಿಲ್ಲ, ಅಲ್ಲಿ ಡೆಕಾರ್ಡ್ ರಾಯ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅನುಕಂಪದ ಪ್ರಶ್ನೆಯನ್ನು ಸಿನಿಮಾ ತನ್ನದೇ ಭಾಷೆಯಲ್ಲಿ ಕೇಳಿರುವುದು ಈ ಒಂದು ದೃಶ್ಯದಲ್ಲಿ.